ಬಿಚ್ಚುವ ದಿನ ಹೇಳದ ಕಂಕಣ

ಮೊದಲಿಗೆ ಕಾವೇರಿಗೆ ನಮಸ್ಕಾರ. ಎರಡು ತೋಳುಗಳಿಂದ ನಮ್ಮ ಶ್ರೀರಂಗಪಟ್ಟಣವನ್ನು ಬಳಸಿ ಹಿಡಿದಿರುವ ಆ ತಾಯಿಯ ನೀರಿನಲ್ಲಿ ದಿನವೂ ಮುಳುಗೆದ್ದು ಈ ದೇಹ ಇಷ್ಟು ಕಾಲ ನಡೆದಿದೆ. ಹಾವಿನ ಹಾಸಿಗೆಯ ಮೇಲೆ ಮಲಗಿಯೂ ಎಲ್ಲವನ್ನೂ ಕಾಣುತ್ತಿರುವ ರಂಗನಾಥನಿಗೆ ನಮಸ್ಕಾರ. ಸ್ವರ ತಪ್ಪಿದಾಗ ತೊಡೆ ಚಿವುಟಿ, ತಿದ್ದಿದ ಮೇಲೆ ತಲೆ ಸವರಿ ವೇದ ಕಲಿಸಿದ ಗುರುಗಳಿಗೆ ನಮಸ್ಕಾರ. ಕೊನೆಯದಾಗಿ, ಪಾಂಡವಪುರದ ಸ್ಟೇಷನ್ನಿನ ಹಿಂದೆ ಕಲ್ಲಿದ್ದಲು ಹೊತ್ತು ಮೈಯೆಲ್ಲ ಕಪ್ಪಾಗಿ, ಬಿಳಿಯ ಪಂಚೆ ಉಟ್ಟ ನನಗೆ ಮಸಿ ತಾಗದಿರಲೆಂದು ದಾರಿ ಬಿಟ್ಟು ನಿಲ್ಲುತ್ತಿದ್ದ ಮನುಷ್ಯರಿಗೆ ನಮಸ್ಕಾರ. ಅವರು ತೋರಿದ ಗೌರವಕ್ಕೆ ಒಂದು ಸಂದರ್ಭದಲ್ಲಿ ನಾನು ತಕ್ಕವನಾಗಿರಲಿಲ್ಲ. ಆ ಸಂದರ್ಭವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೋಪದಲ್ಲಿ ಬರೆಯಬಾರದೆಂದು ಬಲ್ಲವರು ಹೇಳುತ್ತಾರೆ. ನಾನೂ ಅದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನೇ. ಇಳಿಯಲಿ ಎಂದು ವರ್ಷಗಟ್ಟಲೆ ಕಾದೆ. ಇಳಿಯಲಿಲ್ಲ. ಇನ್ನು ಕಾಯುವಷ್ಟು ಆಯುಸ್ಸು ನನ್ನಲ್ಲಿ ಉಳಿದಿಲ್ಲವಾದ್ದರಿಂದ ಕೋಪವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯುತ್ತೇನೆ.

ಪಾಂಡವಪುರದ ಶಾಲೆಯೊಂದರಲ್ಲಿ ನಾನು ಸಂಸ್ಕೃತ ಪಂಡಿತನಾಗಿದ್ದೆ. ಬೆಳಗಿನ ಪ್ಯಾಸೆಂಜರಿನಲ್ಲಿ ಹೊರಟು ಪಾಂಡವಪುರದ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದೆ. ಸ್ಟೇಷನ್ನು ಊರಿನಿಂದ ದೂರ. ಜಟಕಾ ಸಿಕ್ಕಿದರೆ ಜಟಕಾ, ಇಲ್ಲದಿದ್ದರೆ ನಡಿಗೆ. ನಡೆಯುವ ದಾರಿ ಕಲ್ಲಿದ್ದಲಿನ ಅಂಗಳವನ್ನು ಹಾಯ್ದೇ ಹೋಗುತ್ತಿತ್ತು. ಅದನ್ನು ಎಲ್ಲರೂ ಯಾರ್ಡು ಎನ್ನುತ್ತಿದ್ದರು. ಸಣ್ಣ ಹಳಿಯ ಗಾಡಿಗಳಲ್ಲಿ ಬಂದ ಕಲ್ಲಿದ್ದಲನ್ನು ಅಲ್ಲಿ ಇಳಿಸಿ, ತೂಗಿ, ಬಂಡಿಗಳಿಗೂ ಲಾರಿಗಳಿಗೂ ತುಂಬುತ್ತಿದ್ದರು. ಅದು ಕೃಷ್ಣರಾಜಪೇಟೆಯ ಕಮ್ಮಾರಸಾಲೆಗಳಿಗೂ ನಾಗಮಂಗಲದ ಕಂಚುಗಾರರ ಕುಲುಮೆಗಳಿಗೂ ನಮ್ಮ ಕಡೆಯ ಇಟ್ಟಿಗೆ ಗೂಡುಗಳಿಗೂ ಹೋಗುತ್ತಿತ್ತು. ನಾಗಮಂಗಲದಲ್ಲಿ ಎರಕ ಹೊಯ್ದ ಗಂಟೆಯನ್ನು ಯಾವುದಾದರೂ ಗುಡಿಯಲ್ಲಿ ಬಾರಿಸುವಾಗ, ಅದರ ನಾದಕ್ಕೆ ಮೊದಲು ಹೆಗಲು ಕೊಟ್ಟವರು ಈ ಯಾರ್ಡಿನವರು ಎಂದು ನಾನು ನೆನೆಯುತ್ತಿದ್ದೆ.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಗಾಡಿಯ ಬಾಗಿಲು ತೆರೆದೊಡನೆ ಮೇಸ್ತ್ರಿ ಮೊದಲ ಬುಟ್ಟಿಯನ್ನು ತಾನೇ ತುಂಬಿ, ತಾನೇ ಹೊತ್ತು, ಎಣಿಕೆಗೆ ‘ಒಂದು’ ಎನ್ನುವ ಬದಲು ‘ಲಾಭ’ ಎಂದು ಗಟ್ಟಿಯಾಗಿ ಹೇಳಿ ಬೇವಿನ ಮರದ ಬುಡದಲ್ಲಿ ಇಳಿಸುತ್ತಿದ್ದ. ಎರಡನೆಯ ಬುಟ್ಟಿಯಿಂದ ಮುಂದಕ್ಕೆ ವ್ಯಾಪಾರದ್ದು. ಮರದ ಬುಡದ್ದು ಆಯುಧಪೂಜೆಗೆ ಮೀಸಲು. ಪೂಜೆಯಾದ ಮೇಲೆ ಗ್ಯಾಂಗಿನವರ ಸಲಿಕೆ, ಹಾರೆಗಳನ್ನು ಬಡಿದುಕೊಡುವ ಕಮ್ಮಾರನಿಗೆ ಅದು ಸಲ್ಲುತ್ತಿತ್ತು. ಇನ್ನೊಂದು ಪದ್ಧತಿ ಬಿಲ್ಲೆಯದು. ಕೂಲಿ ಮಾಡುವ ಪ್ರತಿಯೊಬ್ಬನ ತೋಳಿನ ಮೇಲೂ ಒಂದು ಹಿತ್ತಾಳೆಯ ಬಿಲ್ಲೆ. ಅದಿಲ್ಲದವನು ಗಾಡಿ ಮುಟ್ಟುವಂತಿರಲಿಲ್ಲ. ಗ್ಯಾಂಗಿನ ಒಬ್ಬನಿಗೆ ಜ್ವರ ಬಂದರೆ ಅವನ ಬಿಲ್ಲೆಯನ್ನು ಅವನ ಅಣ್ಣನೋ ಭಾವಮೈದುನನೋ ಕಟ್ಟಿಕೊಂಡು ಬಂದು ಅವನ ಪಾಲಿನ ಬುಟ್ಟಿ ಹೊರುತ್ತಿದ್ದ. ಇದಕ್ಕೆ ಅವರು ‘ಜೋಡಿ ಬಿಲ್ಲೆ’ ಎನ್ನುತ್ತಿದ್ದರು. ಮೇಲಿನವರು ಕಂಡೂ ಕಾಣದಂತಿರುತ್ತಿದ್ದರು.

ಮೇಸ್ತ್ರಿ ಕಿರಂಗೂರಿನವನು. ಗಟ್ಟಿ ಆಳು, ಮಾತು ಕಡಿಮೆ, ದೇವರ ವಿಷಯದಲ್ಲಿ ಮಾತ್ರ ನನಗಿಂತ ನಿಷ್ಠುರ. ತೂಕ ನೋಡುತ್ತಿದ್ದವರು ಪಾಂಡವಪುರದ ಒಬ್ಬ ಸಾಬರು. ಇಬ್ಬರೂ ಒಂದೇ ವರ್ಷ ಬಿಲ್ಲೆ ಕಟ್ಟಿದವರು, ಒಬ್ಬರನ್ನೊಬ್ಬರು ಕೆಣಕದೆ ಅವರಿಗೆ ದಿನ ಹೋಗುತ್ತಿರಲಿಲ್ಲ.

“ನೋಡಿ ಪಂಡಿತರೆ,” ಎಂದು ಸಾಬರು ನನ್ನನ್ನು ತಡೆದು ನಿಲ್ಲಿಸುವರು, “ದಿನಾ ಮೊದ್ಲು ಬುಟ್ಟಿ ದೇವ್ರಿಗೆ ಇಡ್ತಾನೆ ಇವ್ನು. ನಿಮ್ ದೇವ್ರಿಗೆ ಅಷ್ಟೊಂದು ಚಳಿನಾ?”

“ನಿನ್ ತಕ್ಕಡಿ ನೋಡ್ದಾಗೆಲ್ಲ ದೇವ್ರು ಬೆವರ್ತಾನೆ ಕಣ್ಲಾ,” ಎಂದು ಮೇಸ್ತ್ರಿ ಬುಟ್ಟಿಯ ಕೆಳಗಿನಿಂದಲೇ ಉತ್ತರಿಸುವನು. “ಚಳಿ ಎಲ್ಲಿಂದ ಬಂದದು, ಬುಡು.”

ಪ್ರತಿವರ್ಷ ಆಯುಧಪೂಜೆಗೆ ನಾನೇ ಅವರ ಪುರೋಹಿತ. ನಿವೃತ್ತನಾದ ಮೇಲೂ ಅವರು ನನ್ನನ್ನು ಬಿಡಲಿಲ್ಲ. ಹಾರೆ, ಸಲಿಕೆ, ತಕ್ಕಡಿ, ಮರದ ಬುಡದ ಆ ಕಪ್ಪು ರಾಶಿ, ಎಲ್ಲಕ್ಕೂ ಅರಿಸಿನ ಕುಂಕುಮ. ಸಾಬರು ಒಂದು ಮಾರು ದೂರ ನಿಂತು, ಮುಗಿಯುವವರೆಗೆ ಕಾದು, ಬಾಳೆಹಣ್ಣನ್ನು ಎರಡೂ ಕೈಯಲ್ಲಿ ಸ್ವೀಕರಿಸುತ್ತಿದ್ದರು.

ತೊಂಬತ್ತರ ದಶಕದಲ್ಲಿ ಹಳಿ ಅಗಲವಾಯಿತು. ಅಗಲ ಹಳಿಯ ದೊಡ್ಡ ಗಾಡಿಗಳು ಸಣ್ಣ ಸ್ಟೇಷನ್ನುಗಳಲ್ಲಿ ನಿಂತು ಒಂದೆರಡು ಡಬ್ಬಿ ಇಳಿಸಿ ಹೋಗುವಂಥವಲ್ಲ. ಕಲ್ಲಿದ್ದಲು ದೂರದ ಊರುಗಳಿಂದ ನೇರವಾಗಿ ಲಾರಿಯಲ್ಲಿ ಬರತೊಡಗಿತು. ನಾಗಮಂಗಲದಲ್ಲಿಯೂ ಕೆಲವರು ಎಣ್ಣೆಯ ಒಲೆ ಹೂಡಿದರು. ಯಾರ್ಡಿಗೆ ಬಂದ ಕೊನೆಯ ಗಾಡಿಯನ್ನು ಕೊನೆಯದೆಂದು ಯಾರೂ ಹೇಳಲಿಲ್ಲ. ಮೇಸ್ತ್ರಿ ಎಂದಿನಂತೆ ‘ಲಾಭ’ ಎಂದು ಒಂದು ಬುಟ್ಟಿ ಮರದ ಬುಡಕ್ಕೆ ಹಾಕಿದ. ಆಮೇಲೆ ಗಾಡಿ ಬರಲೇ ಇಲ್ಲ. ಗ್ಯಾಂಗಿನಲ್ಲಿ ಅರ್ಧದಷ್ಟು ಜನ ಇಟ್ಟಿಗೆ ಗೂಡುಗಳಿಗೂ ಕಬ್ಬಿನ ಗದ್ದೆಗಳಿಗೂ ಚದುರಿದರು.

“ಅಳಿ ಅಗಲ ಆಯ್ತು ಸ್ವಾಮಿ, ನಮ್ಮೊಟ್ಟೆ ಸಣ್ಣಾಯ್ತು,” ಎಂದು ಮೇಸ್ತ್ರಿ ಒಮ್ಮೆ ನಕ್ಕ. ಅವನು ನಕ್ಕದ್ದನ್ನು ನಾನು ಕಂಡದ್ದು ಅಪರೂಪ, ಆ ನಗು ನನಗೆ ಹಿಡಿಸಲಿಲ್ಲ.

ಒಂದು ದಾರಿ ಉಳಿದಿತ್ತು. ಬೇರೆ ಕೆಲಸಕ್ಕೆ ಹೋಗದೆ ಉಳಿದ ಹಳೆಯ ಬಿಲ್ಲೆಯವರು ಮೈಸೂರಿಗೆ ಸ್ವತಃ ಬಂದು, ಅದನ್ನು ಒಪ್ಪಿಸಿದರೆ, ಅಲ್ಲಿನ ದೊಡ್ಡ ಯಾರ್ಡಿನಲ್ಲಿ ಕೆಲಸ ಮಾಡಲು ಹೊಸ ಬಿಲ್ಲೆ ಕೊಡುವುದಾಗಿ ಸ್ಟೇಷನ್ನಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಅದಕ್ಕೆ ಕೊನೆಯ ದಿನವೂ ಗೊತ್ತಾಗಿತ್ತು. ಸ್ವತಃ ಬರಬೇಕು, ಆ ದಿನದೊಳಗೆ ಬರಬೇಕು. ಮೇಸ್ತ್ರಿಗೆ ಬೇರೆ ಕಸುಬು ಗೊತ್ತಿರಲಿಲ್ಲ, ಬಿತ್ತುವ ನೆಲವೂ ಇರಲಿಲ್ಲ. ಆ ಬಿಲ್ಲೆಯೇ ಅವನ ಮನೆಯ ಅನ್ನ.

ಆ ಹೊತ್ತಿಗೆ ಚುನಾವಣೆ ಬಂತು.

ಮತ ಕೇಳಲು ಬಂದವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವನು ಗೆದ್ದನೋ ಸೋತನೋ ಎಂಬುದನ್ನೂ ಬರೆಯುವುದಿಲ್ಲ, ಯಾಕೆಂದರೆ ಯಾರ್ಡಿನ ಮಟ್ಟಿಗೆ ಅದರಿಂದ ಒಂದು ಬುಟ್ಟಿಯ ವ್ಯತ್ಯಾಸವೂ ಆಗಲಿಲ್ಲ. ಯುಗಾದಿ ಕಳೆದ ಮರುದಿನ ಅವನು ಮೂರು ಜೀಪುಗಳೊಡನೆ ಯಾರ್ಡಿಗೆ ಬಂದ. ಗೂಡು, ಗದ್ದೆಗಳಿಗೆ ಹೋಗಿದ್ದವರನ್ನೆಲ್ಲ ಅವನ ಕಡೆಯವರು ಹಿಂದಿನ ದಿನವೇ ಹೇಳಿ ಕಳಿಸಿ ಸೇರಿಸಿದ್ದರು. ಕಲ್ಲಿದ್ದಲಿನ ಪುಡಿ ಇನ್ನೂ ಉಳಿದಿದ್ದ ನೆಲದ ಮೇಲೆ ಶಾಮಿಯಾನ ಹಾಕಿಸಿ ಅವನು ಹೇಳಿದ್ದಿಷ್ಟು: ಈ ಯಾರ್ಡು ಮತ್ತೆ ತೆರೆಯುತ್ತದೆ. ಅಗಲ ಹಳಿಯ ಮೇಲೆ ಮೊದಲಿಗಿಂತ ದೊಡ್ಡ ಗಾಡಿ ಬರುತ್ತದೆ. ಹೋದವರೆಲ್ಲ ವಾಪಸು ಬರುತ್ತಾರೆ, ಅವರ ಮಕ್ಕಳಿಗೂ ಬಿಲ್ಲೆ ಸಿಗುತ್ತದೆ. ನಾನು ದೆಹಲಿಯವರೆಗೆ ಮಾತಾಡಿ ಮುಗಿಸಿದ್ದೇನೆ.

ಜನ ಚಪ್ಪಾಳೆ ತಟ್ಟಲಿಲ್ಲ. ಅಂಥ ಮಾತುಗಳನ್ನು ಅವರು ಕೇಳಿದ್ದವರೇ. ಅವನು ಅದನ್ನು ಗಮನಿಸಿದ. ಜಾಣ. ಬಾಯಿಮಾತಿಗೆ ಮಣಿಯದ ಈ ಜನ ಯಾವುದಕ್ಕೆ ಮಣಿಯುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲೇ ನನಗೆ ಕಾರು ಕಳಿಸಿ ಕರೆಸಿಕೊಂಡಿದ್ದು ಅದಕ್ಕೆ.

“ಬುದ್ಧಿ, ಇವತ್ತು ಭಾಷಣ ಸಾಕು. ಭೂಮಿಪೂಜೆ ಮಾಡ್ಬುಡಿ,” ಎಂದ. “ಕಲ್ಲು ನೆಟ್ರೆ ಎಲೆಕ್ಷನ್ನು ಅಂತ ತಕರಾರು ತೆಗೀತಾರೆ. ದೇವ್ರ ಕಾರ್ಯಕ್ಕೆ ಯಾರೂ ಅಡ್ಡ ಬರಕ್ಕಿಲ್ಲ.”

ನಾನು ಮಾಡಿದೆ. ಪುಣ್ಯಾಹವಾಯಿತು. ಸಂಕಲ್ಪ ಹೇಳುವಾಗ, ಈ ಸ್ಥಳದಲ್ಲಿ ಕಲ್ಲಿದ್ದಲಿನ ವೃತ್ತಿ ಪುನಃ ನೆಲೆಗೊಳ್ಳುವುದಕ್ಕಾಗಿ ಎಂದು ದೇಶಕಾಲಗಳ ಸಹಿತ ಉಚ್ಚರಿಸಿದೆ. ಮುಂದೆ ಧ್ವನಿವರ್ಧಕವಿತ್ತು. ನನ್ನ ಸ್ವರ ಸ್ಟೇಷನ್ನಿನ ಗೋಡೆಗೆ ಬಡಿದು ನನ್ನ ಕಿವಿಗೇ ಹಿಂದಿರುಗುತ್ತಿತ್ತು. ಅದು ನನಗೆ ಹಿತವಾಗಿತ್ತು ಎಂಬುದನ್ನು ಮುಚ್ಚಿಡಲಾರೆ.

ಆಗ ಅವನು ಕಂಕಣ ಕಟ್ಟಬೇಕೆಂದ. ತನಗೂ, ಮೇಸ್ತ್ರಿಗೂ. “ಮೊದಲ್ನೇ ಗಾಡಿ ಬರೋಗಂಟ ನಾವಿಬ್ರೂ ಬಿಚ್ಚಕ್ಕಿಲ್ಲ. ಏನ್ಲಾ ಮೇಸ್ತ್ರಿ?”

ಕಂಕಣವೆಂಬುದು ಬರಿಯ ದಾರವಲ್ಲ. ಅರಿಸಿನದ ಕೊನೆ ಕಟ್ಟಿದ ಆ ದಾರವನ್ನು ಕೈಗೆ ಸುತ್ತಿದ ಮೇಲೆ ಕಾರ್ಯ ಮುಗಿಯುವವರೆಗೆ ಆ ಮನುಷ್ಯ ಕಾರ್ಯಕ್ಕೆ ಸೇರಿದವನು. ಸೀಮೆ ದಾಟಬಾರದು. ನಮ್ಮ ಕಡೆ ಸೀಮೆಯೆಂದರೆ ಹೊಳೆ. ಆದಕಾರಣವೇ ಕಟ್ಟುವಾಗಲೇ ಬಿಚ್ಚುವ ದಿನವನ್ನೂ ಸಂಕಲ್ಪದಲ್ಲಿ ಹೇಳಿಬಿಡುವುದು ಕ್ರಮ. ಬಿಚ್ಚುವ ದಿನವಿಲ್ಲದ ಕಂಕಣವನ್ನು ನನ್ನ ಗುರುಗಳು ಎಂದೂ ಕಟ್ಟಿರಲಿಲ್ಲ. ನಾನು ತಡವರಿಸಿದೆ. ಎಂದು ಬಿಚ್ಚಬೇಕೆಂದು ಕೇಳಿದೆ.

“ಹದಿನೈದು ದಿವ್ಸ ಬುದ್ಧಿ. ಹುಣ್ಣಿಮೆ ಅಷ್ಟೊತ್ಗೆ ಗಾಡಿ ಇಲ್ಲಿರ್ತದೆ. ದಿನ ಗಿನ ಯಾಕೆ, ಗಾಡಿ ಬಂದ ದಿನ ಅನ್ನಿ.”

ನಾನು ಹಾಗೆಯೇ ಅಂದೆ. ಕಟ್ಟಿದೆ. ಅವನು ನನಗೆ ಶಾಲು ಹೊದಿಸಿದ. ಮೇಸ್ತ್ರಿ ಆ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಕಾಲಿಗೆ ಬಿದ್ದ. ಆಗ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಜೀಪಿನಲ್ಲಿ ಬಂದವನ ಮಾತಿಗೆ ಬಿದ್ದದ್ದಲ್ಲ. ನನ್ನ ಬಾಯಿಂದ ಬಂದದ್ದಕ್ಕೆ ಬಿದ್ದದ್ದು.

ಹುಣ್ಣಿಮೆ ಬಂತು, ಹೋಯಿತು. ಗಾಡಿಯ ಸುದ್ದಿ ನನ್ನ ಮನಸ್ಸಿನಲ್ಲಿಯೂ ಇರಲಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ. ಒಂದು ಸಾಯಂಕಾಲ, ನಾನು ಸಂಧ್ಯಾವಂದನೆಗೆ ಹೊರಡುವ ಮೊದಲು, ಸಾಬರು ಪಟ್ಟಣದ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ತೋಳಿನ ಮೇಲೆ ಹೊಚ್ಚಹೊಸ ಬಿಲ್ಲೆ ಹೊಳೆಯುತ್ತಿತ್ತು.

“ಮುಬಾರಕ್ ಸಾಬರೇ,” ಎಂದೆ.

“ಏನ್ ಮುಬಾರಕ್ಕು ಪಂಡಿತರೆ. ಉಳಿದೋರೆಲ್ಲ ಹೋಗಿ ತಗೊಂಡಾಯ್ತು. ಮೇಸ್ತ್ರಿ ಒಬ್ನೇ ಬಂದಿಲ್ಲ. ನಾಳೆ ಸಾಯಂಕಾಲ ಐದಕ್ಕೆ ಬಿಲ್ಲೆ ಕೊಡೋ ಕಿಟಕಿ ಮುಚ್ತಾರೆ, ಆಮೇಲೆ ಇಲ್ಲ. ನಾಲ್ಕು ಸಲ ಕರೆದೆ. ಬರಾಕಿಲ್ಲ ಅಂತಾನೆ.”

“ಯಾಕೆ?”

“ನೀವು ಕಟ್ಟೀರಲ್ಲ ಅದು. ಅದ್ನ ಕಟ್ಕೊಂಡು ಹೊಳೆ ದಾಟ್ಬಾರ್ದಂತೆ. ಮೈಸೂರಿಗೆ ಹೋಗ್ಬೇಕಂದ್ರೆ ಎರಡು ಸಲ ದಾಟ್ಬೇಕು. ಬಿಚ್ಚಾಕು ಮಾರಾಯಾ ಅಂದೆ. ಹೊಡೆಯಾಕೆ ಬಂದ. ನಾನು ಬಿಚ್ಚೋ ಹಾಗಿಲ್ಲ, ಅದು ನಿಮ್ಮದು. ನೀವು ಬಿಚ್ಚಿ. ಖುದಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.”

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಉತ್ತರದ ಹೊಳೆ ದಾಟಿ ಕಿರಂಗೂರಿಗೆ ನಡೆದೆ. ಮೇಸ್ತ್ರಿ ಬಾಗಿಲಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಅವನ ಬಲಗೈಯ ದಾರ ಬಣ್ಣಗೆಟ್ಟು ಕಂದಾಗಿತ್ತು. ಹೆಂಡತಿ ಮಣೆ ಹಾಕಿದಳು. ಬಂದ ಕಾರಣ ಹೇಳಿದೆ: ಕಂಕಣ ಬಿಚ್ಚುತ್ತೇನೆ, ಈಗಲೇ ಮೈಸೂರಿಗೆ ಹೋಗು.

“ಗಾಡಿ ಬಂತಾ ಸ್ವಾಮಿ?”

“ಇಲ್ಲ.”

“ಅಂಗಾರೆ ಎಂಗೆ ಬಿಚ್ಚಾದು?” ಅವನು ಕೈಯನ್ನು ಮಡಿಲಿಗೆ ಎಳೆದುಕೊಂಡ. “ಗಾಡಿ ಬರಾಗಂಟ ಅಂತ ನೀವೇ ಯೋಳಿದ್ದು. ನಾ ಒಬ್ಬ ಬಿಚ್ಕಂಡು ಬಿಲ್ಲೆ ಈಸ್ಕಂಡ್ರೆ, ಬರಾ ಗಾಡಿನ ನಾನೇ ನಿಲ್ಲಿಸ್ದಂಗಾಯ್ತದೆ. ಗೂಡಲ್ಲಿ ಬೇಯ್ತಾವ್ರಲ್ಲ ನಮ್ಮುಡುಗ್ರು, ಅವ್ರಿಗೆ ಯಾವ್ ಮೊಕ ತೋರ್ಸ್ಲಿ?”

ಅವನು ತನಗಾಗಿ ಅದನ್ನು ಕಟ್ಟಿಕೊಂಡು ಕುಳಿತಿರಲಿಲ್ಲ. ಚದುರಿಹೋದ ಅಷ್ಟೂ ಜನರ ಕೆಲಸ ತನ್ನ ಮಣಿಕಟ್ಟಿನಲ್ಲಿ ಇದೆಯೆಂದು ನಂಬಿ ಕುಳಿತಿದ್ದ. ಆ ನಂಬಿಕೆಯನ್ನು ಅಲ್ಲಿ ಕಟ್ಟಿದವನು ನಾನು.

“ಈ ಮನ್ಸನ ಕೂಡೆ ನಾನು ಮಾತಾಡಿ ಸಾಕಾಗದೆ,” ಎಂದು ಅವನ ಹೆಂಡತಿ ಒಲೆಯ ಬಳಿಯಿಂದಲೇ ಹೇಳಿದಳು. “ಕೈ ಒದ್ದೆ ಆದದು ಅಂತ ಎಡಗೈಲಿ ಮುದ್ದೆ ಮುರೀತಾನೆ. ಸ್ವಾಮಿ, ಆ ಓಟಿನ ಯಜಮಾನ್ನೇ ಕರ್ಕಬನ್ನಿ. ಗಾಡಿ ಬರಕ್ಕಿಲ್ಲ ಅಂತ ಅವನೇ ಅಂದ್ಬುಡ್ಲಿ. ಬರಕ್ಕಾಗ್ದಿದ್ರೆ ಒಂದು ಚೀಟಿನಾರ ಬರ್ಕೊಡ್ಲಿ.”

“ಅದಾಗ್ಬೋದು,” ಎಂದ ಮೇಸ್ತ್ರಿ. “ಕಟ್ಸ್ದೋನು ಬುಡು ಅಂದ್ರೆ ಬುಡ್ತೀನಿ.”

ಇಲ್ಲಿ ನಾನು ನಿಂತು ಒಂದು ಮಾತು ಹೇಳಬೇಕು. ಆ ಬೆಳಿಗ್ಗೆ ಅವನ ಎದುರಿಗೆ ನಾನು ಹೇಳಬಹುದಾಗಿದ್ದ ಮಾತೊಂದಿತ್ತು: ಈ ಕಂಕಣ ಕಟ್ಟಿದ್ದೇ ತಪ್ಪು, ಬಿಚ್ಚುವ ದಿನ ಹೇಳದೆ ಕಟ್ಟಿದ್ದರಿಂದ ಇದು ಕಂಕಣವೇ ಅಲ್ಲ, ತಪ್ಪು ನನ್ನದು. ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಆ ಮನೆಯಲ್ಲಿ, ಆ ಮಣೆಯ ಮೇಲೆ ಕುಳಿತು, ಐವತ್ತು ವರ್ಷದ ಪಾಂಡಿತ್ಯ ತಪ್ಪಿತು ಎಂದು ಹೇಳಲು ನನಗೆ ಆಗಲಿಲ್ಲ. ಅದಕ್ಕಿಂತ ಬಸ್ಸು ಹತ್ತಿ ಹೋಗಿ ಇನ್ನೊಬ್ಬನ ಬಾಯಿಂದ ಗಾಡಿಯ ಮಾತು ಸುಳ್ಳೆಂದು ಹೇಳಿಸಿಕೊಂಡು ಬರುವುದು ಸುಲಭವಾಗಿ ಕಂಡಿತು. ಹೊರಟೆ.

ಅವನು ಬೂಕನಕೆರೆಯ ಸಂತೆಯಲ್ಲಿದ್ದಾನೆಂದು ಪಾಂಡವಪುರದಲ್ಲಿ ತಿಳಿಯಿತು. ಬಸ್ಸು ಬದಲಿಸಿ, ಬಿಸಿಲಿನಲ್ಲಿ ಬೂಕನಕೆರೆ ಸೇರುವಾಗ ಮಧ್ಯಾಹ್ನವಾಗಿತ್ತು. ಈರುಳ್ಳಿ, ಹಗ್ಗ, ಕುಡುಗೋಲುಗಳ ಸಾಲಿನ ನಡುವೆ ಜೀಪಿನ ಮೇಲೆ ನಿಂತು ಅವನು ಮಾತಾಡುತ್ತಿದ್ದ. ಕುಡುಗೋಲು ಮಾರುತ್ತಿದ್ದ ಕಮ್ಮಾರರ ಕಡೆ ಕೈ ತೋರಿಸಿ, “ನಿಮ್ ಕುಲುಮೆಗೆ ಕಲ್ಲಿದ್ದಲು ನಾನು ತರ್ತೀನಿ. ಇದೇ ಬೂಕನಕೆರೇಲಿ ಡಿಪೋ ಮಾಡಿಸ್ತೀನಿ. ಸೌದೆ ಸುಟ್ಟಿದ್ದು ಸಾಕು,” ಎನ್ನುತ್ತಿದ್ದ. ಅದೇ ಕಲ್ಲಿದ್ದಲು. ನಾನು ಧ್ವನಿವರ್ಧಕದಲ್ಲಿ ಸಂಕಲ್ಪ ಹೇಳಿದ್ದ, ಎಲ್ಲಿಯೂ ಇಲ್ಲದ ಅದೇ ಗಾಡಿ. ಮೇಲೆತ್ತಿದ ಅವನ ಬಲಗೈಯಲ್ಲಿ ಚಿನ್ನದ ಗಡಿಯಾರವಿತ್ತು. ಕಂಕಣವಿರಲಿಲ್ಲ.

ಇಳಿದು ಬಂದಾಗ ಅವನಿಗೆ ನನ್ನ ಗುರುತು ಸಿಗಲು ಒಂದು ಕ್ಷಣ ಬೇಕಾಯಿತು. ನಾನು ಮೊದಲು ಕೇಳಿದ್ದು ಆ ಕೈಯನ್ನೇ.

“ಅದಾ?” ನಕ್ಕ. “ಸ್ನಾನಕ್ಕೋದಾಗ ಒದ್ದೆ ಆಗಿ ಕಚ್ತಿತ್ತು. ಕತ್ತರಿಸಿ ಬಿಸಾಕ್ದೆ. ದಾರ ತಾನೇ ಬುದ್ಧಿ.”

“ಗಾಡಿ ಬರುತ್ತದೆಯೇ?”

“ಬರ್ತದೆ ಬರ್ತದೆ.”

“ಮೇಸ್ತ್ರಿ ಅದನ್ನು ನಂಬಿ ಹೊಳೆ ದಾಟದೆ ಕುಳಿತಿದ್ದಾನೆ. ಇವತ್ತು ಐದು ಗಂಟೆಗೆ ಅವನ ಬಿಲ್ಲೆ ಹೋಗುತ್ತದೆ. ಬರುವುದಿಲ್ಲ ಎಂದು ಒಂದು ಸಾಲು ಬರೆದುಕೊಡಿ. ನಿಮ್ಮನ್ನು ಬೇರೇನೂ ಕೇಳುವುದಿಲ್ಲ.”

ಅವನು ಸುತ್ತಲಿನವರನ್ನು ನೋಡಿ, ನನ್ನ ಹೆಗಲ ಮೇಲೆ ಕೈ ಹಾಕಿ ನಾಲ್ಕು ಹೆಜ್ಜೆ ಆಚೆ ನಡೆಸಿದ. ದನಿ ತಗ್ಗಿಸಿದ. “ಎಲೆಕ್ಷನ್ನಿಗೆ ವಾರ ಅದೆ. ಬರಕ್ಕಿಲ್ಲ ಅಂತ ಬರ್ಕೊಡೋ ಮುಠ್ಠಾಳ ಯಾರಾದ್ರೂ ಉಂಟಾ? ಬರ್ತದೆ ಅಂದ್ರೆ ಯಾರಿಗೇನು ನಷ್ಟ ಯೋಳಿ. ಬಡವರು ನಾಲ್ಕು ದಿನ ಆಸೇಲಿ ಇರ್ತಾರೆ. ಅವ್ನಿಗೆ ನೀವೇ ಹೇಳಿ ಬುದ್ಧಿ, ನಿಮ್ ಮಾತು ಕೇಳ್ತಾನೆ. ಅವತ್ತೂ ನಿಮ್ ಮಾತನ್ನೇ ಅಲ್ವಾ ಕೇಳಿದ್ದು.”

ಜೀಪು ಹತ್ತಿ, ಕೈ ಮುಗಿದು, ಧೂಳೆಬ್ಬಿಸಿ ಹೋದ.

ಯಾರಿಗೇನು ನಷ್ಟ. ಈ ಎರಡು ಪದಗಳನ್ನು ನಾನು ಇಂದಿಗೂ ಜಪದ ನಡುವೆ ಕೇಳುತ್ತೇನೆ. ಸತ್ತುಹೋದ ಕಸುಬಿಗೆ ಜೀವ ತರಲಾರೆನೆಂದು ಒಬ್ಬ ಮನುಷ್ಯ ಹೇಳಿದರೆ ಅದರಲ್ಲಿ ತಪ್ಪಿಲ್ಲ, ಹಳಿಯನ್ನು ಯಾರೂ ಕಿರಿದು ಮಾಡಲಾರರು. ಆದರೆ ಬದುಕುವ ಇನ್ನೊಂದು ದಾರಿ ಎದುರಿಗೆ ತೆರೆದಿರುವಾಗ, ಅದನ್ನು ಮುಚ್ಚುವವರೆಗೆ ಜನರನ್ನು ಸತ್ತ ಕಸುಬಿನ ಬಾಗಿಲಲ್ಲಿ ಕೂರಿಸಿಡುವುದು ಇದೆಯಲ್ಲ, ಅದಕ್ಕೆ ನಾನು ಓದಿದ ಯಾವ ಧರ್ಮಶಾಸ್ತ್ರದಲ್ಲಿಯೂ ಪ್ರಾಯಶ್ಚಿತ್ತ ಕಂಡಿಲ್ಲ. ಅವನಿಗೆ ಬೇಕಾಗಿದ್ದದ್ದು ಕಲ್ಲಿದ್ದಲಲ್ಲ, ಅದನ್ನು ಕಾಯುವ ಜನ. ಕಾಯುವವರು ಇರುವವರೆಗೆ ಅವನಿಗೆ ಭಾಷಣವಿರುತ್ತದೆ.

ಬೂಕನಕೆರೆಯಿಂದ ಬಸ್ಸು ತಡವಾಗಿ ಹೊರಟಿತು. ಪಾಂಡವಪುರದಲ್ಲಿ ಇನ್ನೊಂದಕ್ಕೆ ಕಾದೆ. ಕಿರಂಗೂರು ತಲುಪುವಾಗ ಐದಕ್ಕೆ ಹೆಚ್ಚು ಹೊತ್ತಿರಲಿಲ್ಲ. ಸಾಬರು ಪರಿಚಯದ ಲಗೇಜ್ ಆಟೋ ಒಂದನ್ನು ತಂದು ಮೇಸ್ತ್ರಿಯ ಬಾಗಿಲಿಗೇ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಾನು ಚೀಟಿಯಿಲ್ಲದೆಯೇ ಬಂದಿದ್ದೆ.

ಬೆಳಿಗ್ಗೆ ಹೇಳದ ಮಾತನ್ನು ಆಗ ಹೇಳಿದೆ. ಬಿಚ್ಚುವ ದಿನ ಹೇಳದೆ ಕಟ್ಟಿದ ದಾರ ಕಂಕಣವಲ್ಲ. ಹಾಗೆ ಕಟ್ಟಬಾರದೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕಟ್ಟಿದೆ. ನೀನು ಬಿಚ್ಚಿದರೆ ಯಾರ ಗಾಡಿಯೂ ನಿಲ್ಲುವುದಿಲ್ಲ, ಯಾಕೆಂದರೆ ಗಾಡಿ ಎಲ್ಲಿಯೂ ಹೊರಟಿಲ್ಲ. ಕಟ್ಟಿಸಿದವನು ತನ್ನದನ್ನು ಆಗಲೇ ಕತ್ತರಿಸಿ ಎಸೆದಿದ್ದಾನೆ. ದೋಷವೆಲ್ಲ ನನ್ನದು, ನನ್ನ ತಲೆಯ ಮೇಲಿರಲಿ.

ಮೇಸ್ತ್ರಿ ಮಣಿಕಟ್ಟಿನ ದಾರವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದ. ಆಮೇಲೆ ಕೇಳಿದ: “ಅಂಗಾದ್ರೆ ಅವತ್ತು ನೀವು ಮೈಕಿನಲ್ಲಿ ಯೋಳಿದ್ದು ಮಂತ್ರ ಅಲ್ವಾ ಸ್ವಾಮಿ?”

ಮಂತ್ರ ಮಂತ್ರವೇ. ಅದನ್ನು ಹೇಳಿದ ಬಾಯಿ ಸರಿಯಿರಲಿಲ್ಲ. ಇದನ್ನು ಅವನಿಗೆ ಹೇಗೆ ಹೇಳುವುದು?

ಅವನು ಕೈ ಚಾಚಿದ. ಹೊಳೆಯ ದಡದಲ್ಲಿಯೇ ಬಿಚ್ಚಬೇಕೆಂದ, ಅಷ್ಟು ಶಾಸ್ತ್ರವಾದರೂ ಉಳಿಯಲಿ ಎಂದ. ಆಟೋದಲ್ಲಿ ಉತ್ತರದ ಹೊಳೆಗೆ ಬಂದೆವು. ಮೊಣಕಾಲುದ್ದ ನೀರಿನಲ್ಲಿ ನಿಂತು ದಾರ ಬಿಚ್ಚಿ ನೀರಿಗೆ ಬಿಟ್ಟೆ. ಅದು ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಒಂದು ಗೆರೆಯಾಗಿತ್ತು. ಕಲ್ಲಿದ್ದಲಿನ ಕೈಯಲ್ಲಿ ಅಷ್ಟು ಬಿಳುಪು ನಾನು ಕಂಡಿರಲಿಲ್ಲ. ಸಾಬರು ಮೇಲಿನಿಂದ, “ಬೇಗ ಬಾರ್ಲಾ ಮೇಸ್ತ್ರಿ, ಬೇಗ,” ಎನ್ನುತ್ತಿದ್ದರು.

ಮೈಸೂರಿನಲ್ಲಿ ಕಿಟಕಿ ಮುಚ್ಚಿತ್ತು. ಒಳಗಿನವರು ಕೆಟ್ಟವರಲ್ಲ, ಹೊರಗೆ ಬಂದು ಸಮಾಧಾನವಾಗಿಯೇ ಹೇಳಿದರು: ಪಟ್ಟಿ ಹೋಗಿಬಿಟ್ಟಿದೆ. ಮೇಸ್ತ್ರಿ ತನ್ನ ಹಳೆಯ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಆಗ ಸಾಬರು ತಮ್ಮ ತೋಳಿನ ಹೊಸ ಬಿಲ್ಲೆಯನ್ನು ಬಿಚ್ಚಿ ಅವನ ಮೂಗಿನ ಮುಂದೆ ಹಿಡಿದರು. “ಒಂದು ವಾರ ನಾನು, ಒಂದು ವಾರ ನೀನು. ಜೋಡಿ ಬಿಲ್ಲೆ. ಜ್ವರ ಬಂದೋರಿಗೆ ಮಾತ್ರಾನಾ ಅದು? ನಿಂಗೀಗ ಬಂದಿರೋದು ಜ್ವರಾನೆ.”

“ನಿನ್ ಮನೇಲಿ ಉಣ್ಣೋರು ಇಲ್ವೇನ್ಲಾ?”

“ಅವ್ರೆ. ಸ್ವಲ್ಪ ಸಣ್ಣ ಆಗ್ತಾರೆ. ಸುಮ್ನೆ ಕಟ್ಕೊಳ್ಲೇ.”

ಹಾಗೆಯೇ ನಡೆಯಿತು. ಒಂದು ಬಿಲ್ಲೆಯಲ್ಲಿ ಎರಡು ಮನೆ. ಮೇಸ್ತ್ರಿಯ ಬೆನ್ನು ಬಾಗುವವರೆಗೆ, ಅಂದರೆ ಕೆಲವು ವರ್ಷ, ಹಾಗೆಯೇ ನಡೆಯಿತು. ಎರಡು ಮನೆಗಳೂ ಅರ್ಧ ಉಂಡವು. ಬೂಕನಕೆರೆಯಲ್ಲಿ ಯಾರಿಗೇನು ನಷ್ಟ ಎಂದು ಕೇಳಿದವನಿಗೆ ಉತ್ತರ ಆ ಎರಡು ಅಡುಗೆಮನೆಗಳಲ್ಲಿತ್ತು.

ಆ ವರ್ಷದ ಆಯುಧಪೂಜೆಗೆ ನನ್ನನ್ನು ಕರೆಯುವುದಿಲ್ಲವೆಂದೇ ತಿಳಿದಿದ್ದೆ. ಮೇಸ್ತ್ರಿಯೇ ಬಂದು ಕರೆದ. ಯಾರ್ಡಿನಲ್ಲಿ ಹುಲ್ಲು ಬೆಳೆದಿತ್ತು. ಬೇವಿನ ಬುಡದಲ್ಲಿ ಕೊನೆಯ ಗಾಡಿಯ ‘ಲಾಭ’ ಹಾಗೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ. ಅದಕ್ಕೇ ಪೂಜೆ ಮಾಡಿದೆ. ಸಂಕಲ್ಪದಲ್ಲಿ ವೃತ್ತಿ ಮರಳಲಿ ಎನ್ನಲಿಲ್ಲ. ಈ ಸ್ಥಳದಲ್ಲಿ ಇವರು ಮಾಡಿದ ಕೆಲಸ ಮುಗಿಯಿತು, ಅದು ಚೆನ್ನಾಗಿ ನಡೆದಿತ್ತು ಎಂದು ಮಾತ್ರ ಹೇಳಿದೆ. ಸಂಸ್ಕೃತದಲ್ಲಿ ಹೇಳಿ, ಅವರಿಗೆ ತಿಳಿಯಲೆಂದು ಕನ್ನಡದಲ್ಲಿಯೂ ಹೇಳಿದೆ. ಅವನು ಹೊದಿಸಿದ ಶಾಲನ್ನು ಮೈಸೂರಿನಿಂದ ಬಂದ ಮರುದಿನವೇ ಮರಳಿಸಲು ಹೋಗಿದ್ದೆ, ಯಾರೂ ತೆಗೆದುಕೊಳ್ಳದಿದ್ದುದರಿಂದ ಜೀಪಿನವರ ಕಚೇರಿಯ ಬಾಗಿಲ ಕೊಂಡಿಗೆ ಕಟ್ಟಿ ಬಂದಿದ್ದೆ. ಆ ಮೇಲೆ ನಾನು ಮತ ಕೇಳುವವರ ಯಾವ ಕಾರ್ಯಕ್ಕೂ ದರ್ಭೆ ಹಿಡಿದಿಲ್ಲ. ಕಂಕಣ ಕಟ್ಟಬೇಕಾದಲ್ಲೆಲ್ಲ ಬಿಚ್ಚುವ ದಿನವನ್ನು ಮೊದಲು ಹೇಳಿ, ಕಟ್ಟಿಸಿಕೊಳ್ಳುವವನಿಂದಲೂ ಹೇಳಿಸಿ, ಅನಂತರವೇ ದಾರ ಮುಟ್ಟಿದ್ದೇನೆ.

ಇನ್ನು ಹರಸುವುದೊಂದು ಉಳಿದಿದೆ. ಆ ಕಪ್ಪು ಅಂಗಳದಲ್ಲಿ ಬುಟ್ಟಿ ಹೊತ್ತವರ ಮಕ್ಕಳ ಬೆನ್ನು ನೆಟ್ಟಗಿರಲಿ. ತನ್ನ ತೋಳಿನದನ್ನು ಬಿಚ್ಚಿಕೊಟ್ಟವರ ಮನೆಯಲ್ಲಿ ಎಂದೂ ಒಲೆ ಆರದಿರಲಿ. ಎಡಗೈಯಲ್ಲಿ ಮುದ್ದೆ ಮುರಿದವನಿಗೆ ಅವನು ನಂಬಿದ ದೇವರು ಎದುರು ಬಂದು ಲೆಕ್ಕವಿಲ್ಲದೆ ಕೊಡಲಿ, ಅವನ ಹೆಂಡತಿಯ ನೇರ ಮಾತು ಅವಳ ಮೊಮ್ಮಕ್ಕಳಿಗೂ ಬರಲಿ. ಕಿಟಕಿಯ ಹಿಂದೆ ಕುಳಿತವರಿಗೆ ಒಳ್ಳೆಯದಾಗಲಿ. ಜೀಪಿನಲ್ಲಿ ಬಂದವನನ್ನೂ ನಾನು ಬಿಡುವುದಿಲ್ಲ: ಅವನಿಗೆ ದೀರ್ಘಾಯುಸ್ಸು ಬರಲಿ, ತಾನು ಕೊಟ್ಟ ಪ್ರತಿಯೊಂದು ಮಾತನ್ನೂ ಕೊನೆಯವರೆಗೆ ಮರೆಯದಷ್ಟು ಸ್ವಚ್ಛವಾದ ಜ್ಞಾಪಕದೊಡನೆ ಬರಲಿ. ಬಾಯಿ ತಪ್ಪಿದ ಈ ಮುದುಕನನ್ನೂ ಸೇರಿಸಿ, ಅಂದು ಆ ಶಾಮಿಯಾನದ ಕೆಳಗೆ ನಿಂತಿದ್ದ ಎಲ್ಲರನ್ನೂ ತಾಯಿ ಕಾವೇರಿ ತನ್ನ ಎರಡು ತೋಳುಗಳಲ್ಲಿ ಕಾಯಲಿ.